ಬಿಚ್ಚಿದ್ದನ್ನು ತೋರಿಸುತ್ತೇನೆ, ಆಮೇಲೆ ರಿಪೇರಿ

ಉಡುಪಿಯ ಸಂತೆಕಟ್ಟೆ ಹತ್ತಿರ ನನ್ನದೊಂದು ಸಣ್ಣ ಗ್ಯಾರೇಜ್ ಇದೆ. ಎಲ್ಲ ಕಂಪನಿಯ ಕಾರುಗಳನ್ನೂ ನೋಡುತ್ತೇನೆ. ಹೊಸದಾಗಿ ಬರುವವರಲ್ಲಿ ಹೆಚ್ಚಿನವರು ಬೇರೆಲ್ಲೋ ಒಂದು ಸಲ ಕೈ ಸುಟ್ಟುಕೊಂಡವರು. ಅದು ಮಾತಿನಲ್ಲೇ ಗೊತ್ತಾಗುತ್ತದೆ. ಕೀ ಕೊಡುವ ಮೊದಲೇ "ಒಟ್ಟು ಎಷ್ಟಾಗ್ತದೆ ಹೇಳಿ" ಅನ್ನುತ್ತಾರೆ. ನನಗೆ ಬೇಜಾರಿಲ್ಲ. ದುಡ್ಡು ಕೊಟ್ಟೂ ಮೋಸ ಹೋದವರು ಇನ್ನು ಹೇಗೆ ಕೇಳಬೇಕು? ಅಂಥವರ ಜೊತೆ ಕೆಲಸ ಮಾಡಿ ಮಾಡಿ ನಾನೊಂದು ಕ್ರಮ ಇಟ್ಟುಕೊಂಡಿದ್ದೇನೆ. ಬಿಚ್ಚಿದ್ದನ್ನು ಅವರ ಕಣ್ಣಿಗೆ ತೋರಿಸದೆ ಹೊಸ ಪಾರ್ಟ್ ಹಾಕುವುದಿಲ್ಲ.

ಏಪ್ರಿಲ್, ಮೇ ಬಂತೆಂದರೆ ಎಸಿಯದ್ದೇ ದೂರು. "ಗ್ಯಾಸ್ ಖಾಲಿಯಾಗಿದೆ, ಸ್ವಲ್ಪ ಹಾಕಿ ಕೊಡಿ ಮಾರಾಯ್ರೆ, ನಾಳೆ ಮದುವೆಗೆ ಹೋಗ್ಲಿಕ್ಕುಂಟು" ಅನ್ನುತ್ತಾರೆ. ಕೇಳಿದರೆ ಕಳೆದ ವರ್ಷವೂ ಹಾಕಿಸಿರುತ್ತಾರೆ, ಅದರ ಹಿಂದಿನ ವರ್ಷವೂ ಹಾಕಿಸಿರುತ್ತಾರೆ. ಎಸಿ ಗ್ಯಾಸ್ ಪೆಟ್ರೋಲಿನ ಹಾಗೆ ಉರಿದು ಮುಗಿಯುವುದಲ್ಲ. ಮುಚ್ಚಿದ ಪೈಪುಗಳ ಒಳಗೆ ಸುತ್ತುತ್ತಲೇ ಇರುತ್ತದೆ. ಹಾಕಿಸಿದ ಒಂದೇ ವರ್ಷದಲ್ಲಿ ಖಾಲಿಯಾಯಿತೆಂದರೆ ಎಲ್ಲೋ ಲೀಕ್ ಉಂಟು ಎಂದೇ ಅರ್ಥ. ಆ ಲೀಕ್ ಹುಡುಕದೆ ಪ್ರತಿ ಬೇಸಿಗೆಗೂ ಗ್ಯಾಸ್ ಹಾಕಿ ಕಳಿಸುವುದು ನನ್ನ ಮಟ್ಟಿಗೆ ಅನ್ಯಾಯ.

ಕಾಪು ಕಡೆಯ ಒಬ್ಬರು ಟೀಚರ್ ಹೀಗೇ ಬಂದಿದ್ದರು. ಬೇರೆ ಕಡೆ ವರ್ಷ ವರ್ಷ ಗ್ಯಾಸ್ ಹಾಕಿಸಿದ್ದರು. ಯಾಕೆ ಖಾಲಿಯಾಗುತ್ತದೆ ಎಂದು ಯಾರೂ ಹೇಳಿರಲಿಲ್ಲ. ನಾನು ಲೀಕ್ ನೋಡಬೇಕು ಅಂದದ್ದೇ ತಡ, ಅವರಿಗೆ ಸಂಶಯ ಬಂತು. "ಈಗ ನೀವೊಂದು ದೊಡ್ಡ ಪಾರ್ಟ್ ಹಾಕ್ಬೇಕು ಅಂತೀರಿ, ಅಲ್ವಾ?" ಎಂದು ಕೇಳಿಯೇ ಬಿಟ್ಟರು. "ಅಕ್ಕ, ಐದು ನಿಮಿಷ ಇಲ್ಲೇ ನಿಲ್ಲಿ, ನೀವೇ ನೋಡಿ ಹೇಳಿ" ಅಂದೆ.

ಪೈಪಿಗೆ ನೈಟ್ರೋಜನ್ ತುಂಬಿಸಿ ಪ್ರೆಷರ್ ಕೊಟ್ಟೆ. ಜಾಯಿಂಟುಗಳಿಗೆಲ್ಲ ಸೋಪಿನ ನೀರು ಹಚ್ಚುತ್ತಾ ಹೋದೆ. ರೇಡಿಯೇಟರ್ ಮುಂದೆ ಇರುವ, ಬಿಸಿ ಗ್ಯಾಸನ್ನು ತಣಿಸುವ ಕಂಡೆನ್ಸರಿನ ಕೆಳಗಿನ ಮೂಲೆಯಲ್ಲಿ ಗುಳ್ಳೆ ಎದ್ದಿತು. ಅಲ್ಲೇ ಎಣ್ಣೆ ಜಿಡ್ಡಿನ ಕಲೆಯೂ ಇತ್ತು. ಗ್ಯಾಸ್ ಜೊತೆ ಕಂಪ್ರೆಸರಿನ ಎಣ್ಣೆಯೂ ಸ್ವಲ್ಪ ಸ್ವಲ್ಪ ಹೊರಗೆ ಬರುವುದರಿಂದ ಲೀಕ್ ಇರುವ ಕಡೆ ಹಾಗೆ ಕಲೆ ಕೂರುತ್ತದೆ. ಕಂಡೆನ್ಸರ್ ಅಲ್ಯುಮಿನಿಯಂನದು. ಮಲ್ಪೆ, ಕಾಪು, ಪಡುಬಿದ್ರಿ ಎಂದು ಕಡಲ ಬದಿಯಲ್ಲೇ ಮನೆ ಇರುವವರ ಕಾರಿನಲ್ಲಿ ಅದರ ತೆಳು ರೆಕ್ಕೆಗಳು ಉಪ್ಪುಗಾಳಿಗೆ ಬೆರಳು ಮುಟ್ಟಿದರೆ ಪುಡಿಯಾಗುವ ಹಾಗೆ ಆಗಿರುತ್ತವೆ. ಟೀಚರ್ ಆ ಗುಳ್ಳೆಯನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡರು. ಮತ್ತೆ ರೇಟಿನ ಬಗ್ಗೆ ಒಂದೇ ಪ್ರಶ್ನೆ ಕೇಳಿ ಒಪ್ಪಿದರು.

ಹೊಸ ಕಂಡೆನ್ಸರ್ ಹಾಕಿದರೆ ಮಾತ್ರ ಸಾಲದು. ಬಿಚ್ಚಿದ ಜಾಯಿಂಟಿನ ರಬ್ಬರ್ ಓ-ರಿಂಗ್ ಬದಲಿಸಬೇಕು. ಅರ್ಧ ಗಂಟೆಯಾದರೂ ವ್ಯಾಕ್ಯೂಮ್ ಎಳೆಯಬೇಕು, ಎಂದರೆ ಪೈಪಿನೊಳಗಿನ ಗಾಳಿಯನ್ನು ಪಂಪಿನಿಂದ ಹೊರಗೆ ತೆಗೆಯಬೇಕು. ಇಲ್ಲದಿದ್ದರೆ ಒಳಗೆ ಸೇರಿದ ಗಾಳಿ, ನೀರಿನ ಪಸೆ ಅಲ್ಲೇ ಉಳಿಯುತ್ತದೆ. ಪಂಪ್ ನಿಲ್ಲಿಸಿದ ಮೇಲೂ ಗೇಜಿನ ಮುಳ್ಳು ಅಲ್ಲಾಡದೆ ನಿಲ್ಲಬೇಕು. ಆಮೇಲೆ ಗ್ಯಾಸ್ ಹಾಕುವುದು, ಅದೂ ತೂಕ ಮಾಡಿ. ಎಷ್ಟು ಗ್ರಾಂ ಎಂದು ಸಾಧಾರಣ ಎಲ್ಲ ಕಾರುಗಳ ಬಾನೆಟ್ ಒಳಗಿನ ಸ್ಟಿಕ್ಕರಿನಲ್ಲೇ ಬರೆದಿರುತ್ತದೆ. ನಿಮ್ಮ ಕಾರಿಗೆ ಗ್ಯಾಸ್ ಹಾಕುವಾಗ ಈ ವ್ಯಾಕ್ಯೂಮ್ ಎಳೆಯುವ ಕೆಲಸ ಕಾಣದಿದ್ದರೆ ಖಂಡಿತ ಕೇಳಿ. ಟೀಚರ್ ಮುಂದಿನ ಬೇಸಿಗೆಯಲ್ಲಿ ಬಂದದ್ದು ಆಯಿಲ್ ಚೇಂಜಿಗೆ. ಎಸಿ ತಣ್ಣಗೇ ಇತ್ತು.

ಎಲ್ಲರಿಗೂ ಅಷ್ಟು ಖರ್ಚು ಒಮ್ಮೆಲೇ ಆಗುವುದಿಲ್ಲ, ಅದೂ ನನಗೆ ಗೊತ್ತು. ಲೀಕ್ ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲಿನಲ್ಲಿದ್ದರೆ ಬಿಚ್ಚುವ ಲೇಬರೇ ದೊಡ್ಡದು. ಆಗ ಗ್ಯಾಸ್ ಮಾತ್ರ ಹಾಕಿ ಕೊಡಿ ಎಂದರೆ ಹಾಕಿ ಕೊಡುತ್ತೇನೆ. ಆದರೆ "ಲೀಕ್ ಇದೆ, ಗ್ಯಾಸ್ ಮಾತ್ರ ಹಾಕಿದ್ದು" ಎಂದು ಬಿಲ್ಲಿನಲ್ಲೇ ಬರೆಯುತ್ತೇನೆ.

ಇನ್ನು ಸದ್ದಿನ ವಿಷಯ. "ಮುಂದಿನ ಎರಡೂ ಶಾಕ್ ಅಬ್ಸಾರ್ಬರ್ ಚೇಂಜ್ ಮಾಡಿ" ಎಂದು ತೀರ್ಮಾನ ಮಾಡಿಯೇ ಬರುವವರಿದ್ದಾರೆ. ಅಂಥವರ ಪಕ್ಕ ನಾನು ಕೂತು ಹೆದ್ದಾರಿ 66ರ ಸರ್ವಿಸ್ ರೋಡಿನಲ್ಲಿ ಅವರ ಹತ್ತಿರವೇ ಕಾರು ಓಡಿಸಲು ಹೇಳುತ್ತೇನೆ. ಯಾವ ಸ್ಪೀಡಿನಲ್ಲಿ ಸದ್ದು, ಹೊಂಡಕ್ಕೆ ಇಳಿಯುವಾಗಲೋ ಸ್ಟೇರಿಂಗ್ ತಿರುಗಿಸುವಾಗಲೋ, ಅವರೇ ತೋರಿಸಬೇಕು. ಎಷ್ಟೋ ಸಲ ಅದು ಲಿಂಕ್ ರಾಡ್ ಎಂಬ ಸಣ್ಣ ಸರಳು ಅಥವಾ ಒಂದು ರಬ್ಬರ್ ಬುಶ್ ಅಷ್ಟೆ. ಸಾವಿರಗಟ್ಟಲೆ ಹೋಗುವ ಕಡೆ ನೂರರ ಲೆಕ್ಕದಲ್ಲಿ ಮುಗಿಯುತ್ತದೆ. ಗ್ಯಾರೇಜಿಗೆ ಹೋಗುವಾಗ ಯಾವ ಪಾರ್ಟ್ ಬದಲಿಸಬೇಕು ಎಂದು ಹೇಳಬೇಡಿ. ಏನು ತೊಂದರೆ, ಯಾವಾಗ ಆಗುತ್ತದೆ ಎಂದು ಹೇಳಿ. ನೀವು ಹೇಳಿದ ಪಾರ್ಟನ್ನೇ ಸುಮ್ನೆ ಬದಲಿಸಿ ದುಡ್ಡು ತೆಗೆದುಕೊಳ್ಳುವವರೂ ಇದ್ದಾರೆ.

ಬ್ರೇಕ್ ಆಯಿಲ್ ಬಗ್ಗೆ ಮಾತ್ರ ನಾನು ಸ್ವಲ್ಪ ಹಟ ಮಾಡುತ್ತೇನೆ. ನಮ್ಮ ಹವೆಯಲ್ಲಿ ಅದು ಪಸೆ ಹೀರುತ್ತದೆ. ಡಾಟ್ 3 ಎಂಬ ದರ್ಜೆಯ ಹೊಸ ಬ್ರೇಕ್ ಆಯಿಲ್ ಕುದಿಯಲು ಕಡಿಮೆಯೆಂದರೂ 205 ಡಿಗ್ರಿ ಬಿಸಿ ಬೇಕು, ನೀರು ಸೇರಿದ್ದಕ್ಕೆ ಆ ಮಟ್ಟ 140ಕ್ಕೆ ಇಳಿಯುತ್ತದೆ. ಶೃಂಗೇರಿಗೆ ಹೋಗಿ ಆಗುಂಬೆ ಘಾಟಿ ಇಳಿಯುವಾಗ ಉದ್ದಕ್ಕೂ ಬ್ರೇಕ್ ಒತ್ತಿಯೇ ಬಂದರೆ ಆಯಿಲ್ ಕುದಿದು ಪೆಡಲ್ ಮೆತ್ತಗಾಗುತ್ತದೆ, ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಿಸಿ. ಘಾಟಿಯಲ್ಲಿ ಕೆಳಗಿನ ಗೇರಿನಲ್ಲೇ ಇಳಿಯಿರಿ.

ಗಲ್ಫಿನಲ್ಲಿರುವವರ ಕಾರುಗಳದ್ದು ಬೇರೆಯೇ ಕಥೆ. ವರ್ಷದ ಹೆಚ್ಚಿನ ದಿನ ಮನೆಯ ಶೆಡ್ಡಿನಲ್ಲಿ ನಿಂತಿರುತ್ತದೆ. ರಜೆಗೆ ಬಂದ ದಿನವೇ ಫೋನ್, "ಅಣ್ಣ, ಗಾಡಿ ಸ್ಟಾರ್ಟ್ ಆಗ್ತಿಲ್ಲ." ಬ್ಯಾಟರಿ ಸತ್ತಿರುತ್ತದೆ. ಹ್ಯಾಂಡ್‌ಬ್ರೇಕ್ ಎಳೆದಿಟ್ಟದ್ದರಿಂದ ಮಳೆಗಾಲದ ಪಸೆಗೆ ಹಿಂದಿನ ಚಕ್ರದ ಬ್ರೇಕ್ ಶೂ ಡ್ರಮ್ಮಿಗೆ ಅಂಟಿರುತ್ತದೆ. ಇಲಿ ವೈರ್ ಕಡಿದಿದ್ದರೆ ಖರ್ಚು ಎಲ್ಲಿಗೆ ಮುಟ್ಟುತ್ತದೆ ಎಂದು ಬಿಚ್ಚದೆ ಹೇಳಲಾಗದು. ಅವರಿಗೆ ಸಿಗುವ ರಜೆಯೇ ಸ್ವಲ್ಪ, ಅದರಲ್ಲಿ ನಾಲ್ಕು ದಿನ ಕಾರು ನನ್ನಲ್ಲಿ ನಿಂತರೆ ನನಗೂ ಸಂಕಟ. ಅದಕ್ಕೆ ವಾಪಸ್ ಹೋಗುವ ಮೊದಲೇ ಹೇಳಿ ಕಳಿಸುತ್ತೇನೆ: ಬ್ಯಾಟರಿಯ ನೆಗೆಟಿವ್ ಬಿಚ್ಚಿಡಿ, ಹ್ಯಾಂಡ್‌ಬ್ರೇಕ್ ಬೇಡ, ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ.

ಕೆಲಸದ ನಡುವೆ ಇನ್ನೇನಾದರೂ ಹಾಳಾದದ್ದು ಕಂಡರೆ ಫೋಟೊ ತೆಗೆದು ವಾಟ್ಸಾಪಿಗೆ ಹಾಕುತ್ತೇನೆ, ಉತ್ತರ ಬರುವವರೆಗೆ ಮುಟ್ಟುವುದಿಲ್ಲ. ಕಾರು ಲಿಫ್ಟಿನ ಮೇಲೇ ನಿಂತು ಇನ್ನೊಂದು ಕೆಲಸ ಬಾಕಿಯಾಗುತ್ತದೆ, ನಷ್ಟವೇ. ಆದರೂ ಬಿಲ್ ನೋಡಿ ಗ್ರಾಹಕರ ಮುಖ ಬಾಡುವುದನ್ನು ನಾನು ನೋಡಲಾರೆ. ಪಾರ್ಟ್ ಮಂಗಳೂರಿನಿಂದ ಬಸ್ಸಿನಲ್ಲಿ ಪಾರ್ಸೆಲ್ ಬರಬೇಕಾದರೆ ಅದನ್ನೂ ಮೊದಲೇ ಹೇಳುತ್ತೇನೆ. "ಸಂಜೆ ಕೊಡ್ತೇನೆ" ಎಂದು ಸುಳ್ಳು ಹೇಳಿ ಓಡಾಡಿಸುವುದಕ್ಕಿಂತ "ನಾಡಿದ್ದು" ಎಂದು ಹೇಳಿ ಬೈಸಿಕೊಳ್ಳುವುದು ಲೇಸು. ಹಳೆಯ ಪಾರ್ಟನ್ನು ಹೊಸದರ ಡಬ್ಬಿಯಲ್ಲೇ ಹಾಕಿ ಡಿಕ್ಕಿಯಲ್ಲಿಡುತ್ತೇನೆ. ಬೇಡವೆಂದರೆ ಅವರೇ ಬಿಸಾಡಲಿ.

ಹೀಗೆಲ್ಲ ಮಾಡಿದರೂ ಎಲ್ಲರೂ ಖುಷಿಯಿಂದ ಹೋಗುವುದಿಲ್ಲ. ಆನ್‌ಲೈನಿನಲ್ಲಿ ಅಗ್ಗದ ಬ್ರೇಕ್ ಪ್ಯಾಡ್ ತರಿಸಿ "ಇದನ್ನೇ ಹಾಕಿ, ಗ್ಯಾರಂಟಿ ಕೊಡಿ" ಎಂದು ಒಬ್ಬರು ಜಗಳಕ್ಕೇ ನಿಂತಿದ್ದರು. ಒರಿಜಿನಲ್ ಪ್ಯಾಡನ್ನೂ ಅವರು ತಂದದ್ದನ್ನೂ ಪಕ್ಕಪಕ್ಕ ಇಟ್ಟು ತೋರಿಸಿದೆ. ಅವರು ತಂದದ್ದರ ಮೂಲೆಯಲ್ಲಿ ಉಜ್ಜುವ ಲೈನಿಂಗ್ ತಗಡಿನಿಂದ ಬಿಡಲು ಶುರುವಾಗಿತ್ತು. ಆದರೂ ಒಪ್ಪಲಿಲ್ಲ. ನಾನೂ ಹಾಕಲಿಲ್ಲ, ಹಳೆಯದನ್ನೇ ಜೋಡಿಸಿ ಕೊಟ್ಟೆ. ಅದು ಎಷ್ಟು ಸವೆದಿದೆ ಎಂದು ಜಾಬ್ ಕಾರ್ಡಿನಲ್ಲಿ ಬರೆದು ಅವರ ಸಹಿ ತೆಗೆದುಕೊಂಡೆ. ಬಿಚ್ಚಿ ಜೋಡಿಸಿದ ಲೇಬರ್ ಕೇಳಲಿಲ್ಲ. ಅವರು ಮತ್ತೆ ಬರಲಿಲ್ಲ. ಬೇರೆ ಕೆಲಸವಾದರೆ ಗ್ರಾಹಕರ ಪಾರ್ಟ್ ಈಗಲೂ ಹಾಕಿಕೊಡುತ್ತೇನೆ, ಗ್ಯಾರಂಟಿ ಲೇಬರಿಗೆ ಮಾತ್ರ ಎಂದು ಮೊದಲೇ ಹೇಳಿ. ಬ್ರೇಕ್, ಸ್ಟೇರಿಂಗಿಗೆ ಮಾತ್ರ ಹಾಕುವುದಿಲ್ಲ.