ಚೀನಿಕಾಯಿಗೆ ಕಾಯಿಹಾಲು ಯಾಕೆ

ಮೊನ್ನೆ ಮಂಗಳೂರಿನಿಂದ ಬಂದ ಮೊಮ್ಮಗಳು ಚೀನಿಕಾಯಿಯನ್ನು (ಸಿಹಿಗುಂಬಳ) ಬರೀ ನೀರಿನಲ್ಲಿ ಬೇಯಿಸಿ, ಉಪ್ಪು ಉದುರಿಸಿಕೊಂಡು ತಿಂದಳು. ಡಯಟ್ ಅಂತೆ. "ಹೊಟ್ಟೆ ತುಂಬೀತು ಮಾರಾಯ್ತಿ, ಆ ಕೇಸರಿ ಬಣ್ಣ ಮಾತ್ರ ಹೆಚ್ಚಿನದ್ದು ಹಾಗೇ ಹೊರಗೆ ಹೋಗ್ತದೆ" ಅಂದೆ.

ಚೀನಿಕಾಯಿ, ಹರಿವೆ, ನುಗ್ಗೆಸೊಪ್ಪಿನ ಕ್ಯಾರೊಟಿನ್ (ನಮ್ಮ ದೇಹ ಎ ಜೀವಸತ್ವ ಮಾಡಿಕೊಳ್ಳುವ ಕೇಸರಿ ಬಣ್ಣ), ಅರಶಿನಕ್ಕೆ ಹಳದಿ ಕೊಡುವ ಕರ್ಕ್ಯುಮಿನ್, ಇವು ಯಾವುವೂ ನೀರಿನಲ್ಲಿ ಕರಗುವ ಜಾತಿಯಲ್ಲ. ಊಟದಲ್ಲಿ ಕೊಬ್ಬು ಇದ್ದರೆ ಪಿತ್ತರಸ ಅದನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಮಾಡುತ್ತದೆ. ಅದರೊಳಗೆ ಕೂತೇ ಬಣ್ಣ ಕರುಳಿನ ಗೋಡೆ ಮುಟ್ಟಬೇಕು. ಹಾಗಂತ ಮೇಲಿಂದ ಒಂದು ಸೌಟು ಎಣ್ಣೆ ಸುರಿಯಬೇಡಿ. ಎಣ್ಣೆ ಮೊದಲೇ ಸಣ್ಣ ಹನಿಯಾಗಿ ನೀರಿನಲ್ಲಿ ಬೆರೆತಿದ್ದರೆ ಹೊಟ್ಟೆಗೆ ಕೆಲಸ ಹಗುರ. ಹಾಲು, ಕಾಯಿಹಾಲು ಹಾಗೆ ಬೆರೆತೇ ಇರುವಂಥವು. ಅವುಗಳ ಪ್ರೋಟೀನು ಒಂದೊಂದು ಹನಿಯನ್ನೂ ಸುತ್ತಿ ಹಿಡಿದು, ಒಂದಕ್ಕೊಂದು ಕೂಡದ ಹಾಗೆ ಇಡುತ್ತದೆ.

ಚೀನಿಕಾಯಿಯನ್ನು ಎರಡನೇ ಹಾಲಿನಲ್ಲಿ (ಗಟ್ಟಿ ಕಾಯಿಹಾಲು ಹಿಂಡಿದ ಮೇಲೆ ಅದೇ ಕಾಯಿಗೆ ನೀರು ಹಾಕಿ ಹಿಂಡಿದ್ದು) ಮೆತ್ತಗೆ ಬೇಯಿಸಿ. ಗಟ್ಟಿ ಹಾಲು ಕೊನೆಗೆ; ಹಾಕಿದ ಮೇಲೆ ಕುದಿ ಬರುವ ಮೊದಲೇ ಇಳಿಸಿಬಿಡಿ. ಕುದಿಸಿದರೆ ಹಾಲು ಒಡೆದು ಎಣ್ಣೆ ಮೇಲೆ ತೇಲುತ್ತದೆ. ಹೊಸದಾಗಿ ಮದುವೆಯಾಗಿ ಬಂದ ವರ್ಷ ನೆಂಟರೆದುರೇ ಹಾಗೆ ಒಡೆಸಿಕೊಂಡು, ಸೌಟಿನಲ್ಲಿ ತಿರುಗಿಸಿದ್ದೇ ತಿರುಗಿಸಿದ್ದು. ಕೂಡಲಿಲ್ಲ.

ಸೊಪ್ಪಿಗಾದರೆ ನನ್ನ ಓಟು ತಂಬುಳಿಗೆ. ಒಂದು ಹಿಡಿ ತಿಮರೆಯನ್ನು (ಘಟ್ಟದ ಮೇಲಿನವರು ಒಂದೆಲಗ ಅನ್ನುತ್ತಾರೆ) ಜೀರಿಗೆ, ನಾಲ್ಕು ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಹಾಕಿ ಬೆಣ್ಣೆಯಂತೆ ಅರೆಯಿರಿ. ಮಿಕ್ಸಿಯಾದರೂ ಸರಿ, ತರಿ ಉಳಿಯಬಾರದು. ಎಲೆಯ ಜೀವಕೋಶ ಒಡೆಯದೆ ಒಳಗಿನದ್ದು ಹೊರಗೆ ಬರುವುದಿಲ್ಲ. ಆಮೇಲೆ ಮಜ್ಜಿಗೆ, ಪೂರ್ತಿ ಬೆಣ್ಣೆ ತೆಗೆಯದ್ದು.

ನಮ್ಮ ಊರಿನವರಿಗೆ ಹಿಡಿಸದ ಮಾತೊಂದುಂಟು. ಕ್ಯಾರೊಟಿನ್‌ಗೆ ತೆಂಗಿನೆಣ್ಣೆಗಿಂತ ಎಳ್ಳೆಣ್ಣೆ, ಶೇಂಗಾ ಎಣ್ಣೆಯಂಥ, ಅಣುವಿನಲ್ಲಿ ಇಂಗಾಲದ ಸರಪಳಿ ಉದ್ದವಿರುವ ಕೊಬ್ಬು ಹೆಚ್ಚು ಒಗ್ಗುತ್ತದೆ. ನಾನು ಕಾಯಿ ಬಿಡುವವಳಲ್ಲ. ಹರಿವೆಯ ಪಲ್ಯಕ್ಕೆ ಒಗ್ಗರಣೆ ಮಾತ್ರ ಈಗ ಎಳ್ಳೆಣ್ಣೆಯಲ್ಲಿ.

ಅರಶಿನಕ್ಕೆ ಜೊತೆ ಕಾಳುಮೆಣಸು. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು 2 ಗ್ರಾಂ ಕರ್ಕ್ಯುಮಿನ್‌ಗೆ ಕಾಳುಮೆಣಸಿನ ಸತ್ವ 20 ಮಿಲಿಗ್ರಾಂ ಸೇರಿಸಿ ಕೊಟ್ಟಾಗ, ರಕ್ತಕ್ಕೆ ಸೇರಿದ್ದು ಸುಮಾರು 20 ಪಟ್ಟು ಹೆಚ್ಚಿತ್ತು. ಆದರೆ ಅದು ತೆಗೆದ ಸತ್ವ; ಅಡುಗೆಯ ಅರಶಿನದಲ್ಲಿ ಕರ್ಕ್ಯುಮಿನ್ ನೂರಕ್ಕೆ ಮೂರು ಪಾಲಿನ ಆಸುಪಾಸು. ಒಂದು ಲೋಟ ಅರಶಿನ ಹಾಲಿಗೆ ಪವಾಡ ಕೇಳಬೇಡಿ. ಕೆನೆ ಇರುವ ಹಾಲು, ಚಿಟಿಕೆ ಕಾಳುಮೆಣಸಿನ ಪುಡಿ ಸಾಕು. ಕಾಳುಮೆಣಸು ಕೆಲವು ಔಷಧಿಗಳನ್ನೂ ಹಾಗೆಯೇ ರಕ್ತಕ್ಕೆ ಏರಿಸುತ್ತದೆ. ದಿನಾ ಮಾತ್ರೆ ನುಂಗುವವರು ಕಾಳುಮೆಣಸಿನ ಸತ್ವ ಸೇರಿದ ಅರಶಿನದ ಕ್ಯಾಪ್ಸೂಲಿಗೆ ಕೈಹಾಕುವ ಮೊದಲು ಡಾಕ್ಟರರ ಹತ್ತಿರ ಕೇಳಿ.

ಪುನರ್ಪುಳಿಯ (ಕೋಕಂ) ಕೆಂಪು ಬಣ್ಣ ಬೇರೆ ಜಾತಿ, ನೀರಿನಲ್ಲೇ ಕರಗುತ್ತದೆ. ಅದಕ್ಕೆ ಎಣ್ಣೆಯ ಹಂಗಿಲ್ಲ. ಶರಬತ್ತು ಮಾಡಿ ಕುಡಿಯಿರಿ, ಸಕ್ಕರೆ ಮಾತ್ರ ನೋಡಿ ಹಾಕಿ. ತಂಬುಳಿ ಮಧ್ಯಾಹ್ನದ್ದು ಮಧ್ಯಾಹ್ನಕ್ಕೇ ಮುಗಿಯಲಿ, ರಾತ್ರಿಗೆ ಕಾಯಿ ಹುಳಿ ಬರುತ್ತದೆ.