ಮಗುವಿಗೆ ಹುಳದ ತುರಿಕೆಯೇ? ಮೊದಲು ಟಾರ್ಚ್ ಆರಿಸಿ

ರಾತ್ರಿ ಮಗು ಹಿಂಬದಿ ತುರಿಸಿಕೊಳ್ಳುತ್ತಾ ಎದ್ದು ಅತ್ತಿದೆ. ನೀವು ಮೊಬೈಲ್ ಟಾರ್ಚ್ ಹಾಕಿ ನೋಡಿದ್ದೀರಿ. ಬಿಳಿ ದಾರದ ಎಳೆಯಂಥದ್ದೇನೋ ಅಲ್ಲಾಡಿದೆ. ನಿಮ್ಮ ಮೈಯೆಲ್ಲ ಜುಂ ಅಂದಿದೆ.

ಈಗ ಟಾರ್ಚ್ ಆರಿಸಿ. ಒದ್ದೆ ಬಟ್ಟೆಯಿಂದ ಮಗುವನ್ನು ಒರೆಸಿ, ಚಡ್ಡಿ ಬದಲಿಸಿ. ಇಬ್ಬರೂ ಸೋಪು ಹಾಕಿ ಕೈ ತೊಳೆದು ಮಲಗಿ. ಈ ರಾತ್ರಿಯ ಕೆಲಸ ಇಷ್ಟೇ. ಆಸ್ಪತ್ರೆಗೆ ಓಡುವಂಥದ್ದು ಏನೂ ಆಗಿಲ್ಲ.

ಮೂರು ವರ್ಷದ ಹಿಂದೆ ನಾನು ಹಾಗೆ ಮಲಗಲಿಲ್ಲ. ಬನಶಂಕರಿಯ ಬಾಡಿಗೆ ಮನೆಯಲ್ಲಿ ಬೆಳಗಿನ ಜಾವದವರೆಗೂ ನೆಲ ಉಜ್ಜಿದೆ. ಮನೆಯ ಬೆಡ್‌ಶೀಟೆಲ್ಲ ನೆನೆಹಾಕಿದೆ. ಅವತ್ತು ಕಾವೇರಿ ನೀರು ಬರುವ ದಿನವಲ್ಲ, ಸಂಪು ಖಾಲಿಯಾಯಿತು. ಆಮೇಲೆ ವಾರವಿಡೀ ಇದೇ ಕೆಲಸ. ಮಗಳು ನನ್ನನ್ನು ಮುಟ್ಟಿದಾಗಲೆಲ್ಲ ಅವಳ ಕೈ ತೊಳೆಸಿದೆ. ಐದು ವರ್ಷದ ಕೂಸು ಒಂದು ದಿನ ಕೇಳಿದಳು, “ಅಮ್ಮಾ, ನಾನು ಗಲೀಜಾ?” ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಹುಳಕ್ಕೆ ಏನು ಬೇಕೋ ಅಷ್ಟು ಮಾಡಿ ಸಾಕು. ಅದರ ಮೇಲೆ ಮಾಡುವುದೆಲ್ಲ ನಮ್ಮ ಭಯಕ್ಕಾಗಿ.

ಹುಳ ಮಾಡುವುದೇನು?

ಡಾಕ್ಟರು ಇದನ್ನು ಪಿನ್‌ವರ್ಮ್ ಅನ್ನುತ್ತಾರೆ. ನಮ್ಮಲ್ಲಿ ಹೊಟ್ಟೆಯ ಹುಳಕ್ಕೆಲ್ಲ ಜಂತುಹುಳ ಅನ್ನುವುದೇ ರೂಢಿ. ಹೆಣ್ಣು ಹುಳ ಸುಮಾರು 8ರಿಂದ 13 ಮಿಲಿಮೀಟರ್ ಉದ್ದ. ಅದು ರಾತ್ರಿ ಹೊರಗೆ ಬಂದು ಗುದದ ಸುತ್ತ ಸಾವಿರಾರು ಮೊಟ್ಟೆ ಇಡುತ್ತದೆ. ಅದಕ್ಕೇ ರಾತ್ರಿ ತುರಿಕೆ ಜಾಸ್ತಿ. ಮಗು ತುರಿಸಿಕೊಳ್ಳುತ್ತದೆ, ಮೊಟ್ಟೆ ಉಗುರಿಗೆ ಸೇರುತ್ತದೆ, ಬೆರಳು ಬಾಯಿಗೆ ಹೋಗುತ್ತದೆ. ಹೊರಗೆ ಬಟ್ಟೆ, ಆಟಿಕೆಗಳ ಮೇಲೆ ಮೊಟ್ಟೆ ಎರಡು ಮೂರು ವಾರ ಬದುಕಬಲ್ಲದು.

ಚೊಕ್ಕವಾಗಿರುವ ಮನೆಗೂ ಇದು ಬರುತ್ತದೆ. ಪ್ಲೇಹೋಮಿನಲ್ಲಿ ಒಂದೇ ಆಟಿಕೆ ಹತ್ತು ಕೈ ದಾಟುತ್ತದೆ, ಅಲ್ವಾ? ನಾಯಿ, ಬೆಕ್ಕಿನಿಂದ ಈ ಹುಳ ಬರುವುದಿಲ್ಲ. “ಬೆಲ್ಲ ಜಾಸ್ತಿ ತಿನ್ನಿಸಿದ್ರಿ, ಅದಕ್ಕೇ ಹುಳ” ಅಂತ ನಮ್ಮತ್ತೆ ಹೇಳಿದ್ದರು. ಸಿಹಿಯಿಂದ ಹುಳ ಹುಟ್ಟುವುದಿಲ್ಲ. ಮೊಟ್ಟೆ ಬಾಯಿಗೆ ಹೋಗದೆ ಹುಳವಿಲ್ಲ.

ಮಾತ್ರೆ ಎರಡು ಸಲ

ಬೆಳಗ್ಗೆ ಮಕ್ಕಳ ಡಾಕ್ಟರ ಹತ್ತಿರವೋ, ಹತ್ತಿರದ ಸರ್ಕಾರಿ ‘ನಮ್ಮ ಕ್ಲಿನಿಕ್‌’ಗೋ ಹೋಗಿ. ಹುಳ ಕಣ್ಣಿಗೆ ಬೀಳದಿದ್ದರೆ ಅವರು ಟೇಪ್ ಪರೀಕ್ಷೆ ಹೇಳಬಹುದು. ಮಗು ಎದ್ದ ಕೂಡಲೇ, ಕಕ್ಕಸು, ಸ್ನಾನಕ್ಕೆ ಮೊದಲೇ, ಪಾರದರ್ಶಕ ಸೆಲ್ಲೋಟೇಪನ್ನು ಗುದದ ಪಕ್ಕ ಒತ್ತಿ ತೆಗೆದು ಲ್ಯಾಬಿಗೆ ಕೊಡಬೇಕು. ಮೂರು ಬೆಳಗ್ಗೆ ಹೀಗೆ ಮಾಡಿದರೆ ಮೊಟ್ಟೆ ಸಿಗುವ ಸಾಧ್ಯತೆ ಹೆಚ್ಚು.

ಸಾಮಾನ್ಯವಾಗಿ ಕೊಡುವುದು ಆಲ್ಬೆಂಡಜೋಲ್ ಅಥವಾ ಮೆಬೆಂಡಜೋಲ್. ಮಾತ್ರೆ ಹುಳವನ್ನು ಕೊಲ್ಲುತ್ತದೆ, ಮೊಟ್ಟೆಯನ್ನು ಪೂರ್ತಿ ಕೊಲ್ಲುತ್ತದೆ ಅನ್ನುವ ಭರವಸೆಯಿಲ್ಲ. ಅದಕ್ಕೇ ಎರಡು ವಾರ ಬಿಟ್ಟು ಇನ್ನೊಂದು ಸಲ. ಭಾನುವಾರ ಕೊಟ್ಟರೆ ಮೂರನೇ ಭಾನುವಾರ ಮತ್ತೆ. ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿ. ತುರಿಕೆ ನಿಂತ ಮೇಲೆ ಎಲ್ಲರೂ ಮರೆಯುವುದು ಇದನ್ನೇ. ಮನೆಯವರೆಲ್ಲ ಒಂದೇ ದಿನ ತೆಗೆದುಕೊಳ್ಳಬೇಕು, ತುರಿಕೆ ಇಲ್ಲದವರೂ. ಬಸುರಿಯರು ಮತ್ತು ಎರಡು ವರ್ಷದೊಳಗಿನ ಮಕ್ಕಳಿಗೆ ಮಾತ್ರ ಡಾಕ್ಟರನ್ನು ಕೇಳದೆ ಬೇಡ.

“ಶಾಲೆಯಲ್ಲಿ ಮಾತ್ರೆ ಕೊಟ್ಟಿದ್ದಾರಲ್ಲ?” ಅನ್ನಬಹುದು. 2015ರಲ್ಲಿ ಶುರುವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಲ್ಲಿ ಕೊಡುವುದೂ ಆಲ್ಬೆಂಡಜೋಲೇ. ಅದು ಮುಖ್ಯವಾಗಿ ಮಣ್ಣಿನಿಂದ ಹರಡುವ ಹುಳಗಳಿಗೆ. ಅಲ್ಲಿ ಮಗುವಿಗಷ್ಟೇ ಸಿಗುತ್ತದೆ, ಅಪ್ಪ ಅಮ್ಮನಿಗಲ್ಲ. ಎರಡು ವಾರದ ನಂತರದ ಮಾತ್ರೆಯೂ ಅದರಲ್ಲಿಲ್ಲ. ಯಾವಾಗ ಕೊಟ್ಟಿದ್ದರು ಅನ್ನುವುದನ್ನು ಡಾಕ್ಟರಿಗೆ ತಿಳಿಸಿ.

ಎರಡು ವಾರದ ಬೆಳಗು

ಮೊಟ್ಟೆ ಇಡುವುದು ರಾತ್ರಿ. ಹಾಗಾಗಿ ಸಂಜೆ ಸ್ನಾನ ಮಾಡಿಸುವವರು ಬೆಳಗ್ಗೆಗೆ ಬದಲಿಸಿ. ಟಬ್ಬಿನಲ್ಲಿ ಕೂರಿಸಬೇಡಿ, ಚೊಂಬಿನಿಂದ ನೀರು ಸುರಿದು ತೊಳೆಯಿರಿ. ಚಡ್ಡಿ ದಿನವೂ ಬದಲಿಸಿ. ಉಗುರು ಗಿಡ್ಡ ಕತ್ತರಿಸಿ. ಕಕ್ಕಸಿನಿಂದ ಬಂದಾಗ, ಊಟಕ್ಕೆ ಮೊದಲು ಸೋಪಿನಿಂದ ಕೈ ತೊಳೆಸಿ. ರಾತ್ರಿ ಮೈಗೆ ಹತ್ತುವ ಚಡ್ಡಿ ಹಾಕಿದರೆ ಬೆರಳು ನೇರವಾಗಿ ತಾಗುವುದಿಲ್ಲ.

ಮಾತ್ರೆ ಕೊಟ್ಟ ಮರುದಿನ ಹಾಸಿಗೆ ಬಟ್ಟೆ, ಟವೆಲ್, ರಾತ್ರಿ ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಬೆಡ್‌ಶೀಟನ್ನು ಬಾಲ್ಕನಿಯಲ್ಲಿ ಕೊಡವಬೇಡಿ, ಮೊಟ್ಟೆ ಗಾಳಿಗೆ ಹಾರುತ್ತದೆ. ಸುಮ್ನೆ ಮಡಚಿ ಬಕೆಟ್ಟಿಗೆ ಹಾಕಿ. ಮಗು ಮಲಗುವ ಕೋಣೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ. ಫಿನಾಯಿಲ್ ಸುರಿಯುವುದು ಬೇಡ. ಮಗುವಿನ ಚರ್ಮಕ್ಕೆ ಡೆಟಾಲ್, ಬೆಳ್ಳುಳ್ಳಿ ರಸ ಹಚ್ಚಬೇಡಿ. ಈಗಾಗಲೇ ತುರಿಸಿ ಕೆಂಪಾದ ಜಾಗ ಉರಿಯುತ್ತದೆ.

ಮಗುವಿಗೆ, ನಿಮಗೆ

ಮಗುವಿಗೆ ಇದ್ದದ್ದನ್ನೇ ಹೇಳಿ. “ಹೊಟ್ಟೆಯಲ್ಲಿ ಪುಟ್ಟ ಹುಳ ಸೇರಿಕೊಂಡಿದೆ ಕಂದಾ. ಮಾತ್ರೆ ತಗೊಂಡ್ರೆ ಹೋಗುತ್ತೆ. ಅಪ್ಪನೂ ತಗೋತಾರೆ, ಅಜ್ಜಿನೂ ತಗೋತಾರೆ.” ನಾನು ತಡವಾಗಿ ಹೇಳಿದೆ. ಮಗಳ ಮುಖ ಅರಳಿತು. ಅಪ್ಪಿಕೊಳ್ಳುವುದನ್ನು ಮಾತ್ರ ನಿಲ್ಲಿಸಬೇಡಿ.

ಇನ್ನು ನಿಮ್ಮ ವಿಷಯ. ಹುಳದ ಮಾತು ಕೇಳಿದರೇ ಮೈ ತುರಿಸುತ್ತದೆ. ಅದರಿಂದಲೇ ನಿಮಗೂ ಹುಳ ಅಂದುಕೊಳ್ಳಬೇಡಿ. ಮಾತ್ರೆಯ ನಂತರ ಕೆಲವು ದಿನ ಮಗುವಿಗೆ ತುರಿಕೆ ಉಳಿಯಬಹುದು, ಕಕ್ಕಸಿನಲ್ಲಿ ಹುಳ ಕಾಣಬಹುದು. ಮಾತ್ರೆ ಸೋತಿದೆ ಅಂತ ಅದರರ್ಥವಲ್ಲ. ರಾತ್ರಿ ಹುಡುಕುವುದು ಬೇಡ. ಹಾಸಿಗೆ ಬಟ್ಟೆ ಒಮ್ಮೆ ಒಗೆದ ಮೇಲೆ, ದಿನದ ಚಡ್ಡಿ ಬಿಟ್ಟು, ಮತ್ತೆ ಒಗೆಯಬೇಕು ಅನ್ನಿಸಿದಾಗ ಹತ್ತು ನಿಮಿಷ ತಡೆಯಿರಿ. ಒಂದು ಕಾಫಿ ಕುಡಿಯಿರಿ. ಆ ತುಡಿತ ತಾನಾಗಿಯೇ ಇಳಿಯುವುದನ್ನು ನಾನು ಕಂಡಿದ್ದೇನೆ.

ಎರಡನೇ ಮಾತ್ರೆಯ ನಂತರವೂ ತುರಿಕೆ ಮರಳಿದರೆ, ಜೋರು ಹೊಟ್ಟೆನೋವು ಅಥವಾ ಕಕ್ಕಸಿನಲ್ಲಿ ರಕ್ತ ಕಂಡರೆ, ಹೆಣ್ಣುಮಕ್ಕಳಿಗೆ ಉಚ್ಚೆ ಮಾಡುವಾಗ ಉರಿ ಬಂದರೆ ಮತ್ತೆ ಡಾಕ್ಟರಿಗೆ ತೋರಿಸಿ. ಹುಳ ಹೋದರೂ ನಿಮಗೆ ನಿದ್ದೆ ಬರುತ್ತಿಲ್ಲವೇ, ತೊಳೆಯುವುದು ನಿಲ್ಲುತ್ತಿಲ್ಲವೇ? ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416ಕ್ಕೆ ಕರೆ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು, ನಡುರಾತ್ರಿಯಲ್ಲೂ ಎತ್ತುತ್ತಾರೆ.