ದೇವರ ಹತ್ತಿರ ಕೇಳೋದು ನನಗೆ ಬರುತ್ತಿರಲಿಲ್ಲ

ಎಂಆರ್‌ಐ ಕೋಣೆಯ ಬಾಗಿಲಲ್ಲಿ ಅವ್ವ ಹಟ ಹಿಡಿದು ಕೂತಿದ್ದಳು. "ಅಮ್ಮಾ, ಮೈಮೇಲೆ ಲೋಹದ್ದು ಏನೂ ಇರಬಾರದು" ಅಂತ ಟೆಕ್ನಿಷಿಯನ್ ಹುಡುಗಿ ಮೂರನೇ ಸಲ ಹೇಳಿದಳು. ಬಳೆ ತೆಗೆದದ್ದಾಗಿತ್ತು, ಕಿವಿಯೋಲೆ ಬಿಚ್ಚಿದ್ದಾಗಿತ್ತು, ಮೂಗುಬಟ್ಟು ಸೋಪು ಹಚ್ಚಿ ಎಳೆದದ್ದೂ ಆಗಿತ್ತು. ಕೊರಳಿನ ಕರಡಿಗೆ ಮಾತ್ರ ಬಿಚ್ಚಲು ಅವ್ವ ತಯಾರಿಲ್ಲ.

"ಹುಟ್ಟಿದಾಗಿಂದ ಮೈಮ್ಯಾಲ ಐತಿ. ಸತ್ತರೂ ಸಂಗಾಟ ಬರ್ತೈತಿ. ನಡುವ ಯಾಕ ತಗೀಲಿ?"

ಲಿಂಗಾಯತರ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗಾಗಿ ಎರಡು ಮಾತು. ಕರಡಿಗೆ ಅಂದರೆ ಬೆಳ್ಳಿಯ ಪುಟ್ಟ ಭರಣಿ. ಅದರೊಳಗೆ ಇಷ್ಟಲಿಂಗ, ನೇರಳೆ ಹಣ್ಣಿನ ಹಾಗೆ ಕಪ್ಪಗೆ, ನುಣ್ಣಗೆ. ಶಿವದಾರದಲ್ಲಿ ಕಟ್ಟಿ ಎದೆಯ ಮೇಲೆ ಧರಿಸುತ್ತಾರೆ. ದಿನಾ ಅದನ್ನು ಎಡಗೈ ಅಂಗೈ ಮೇಲೆ ಇಟ್ಟುಕೊಂಡು ಪೂಜೆ ಮಾಡುತ್ತಾರೆ. ನಮ್ಮ ಅವ್ವ ಆ ಪೂಜೆ ಆಗದೆ ಚಹಾ ಸಹ ಕುಡಿದವಳಲ್ಲ.

ಕೊನೆಗೆ ಅವಳೇ ಒಂದು ಕರಾರು ಹಾಕಿದಳು. ಲಾಕರ್‌ನಲ್ಲಿ ಇಡಬಾರದು, ಬ್ಯಾಗಿಗೆ ಹಾಕಬಾರದು. "ನಿನ್ನ ಕೈಯಾಗ ಹಿಡಕೊಂಡು ಕುಂದ್ರು. ಕೆಳಗ ಮಾತ್ರ ಇಡಬ್ಯಾಡ."

ಕೂತೆ. ಎಡಗೈ ಅಂಗೈ ಮೇಲೆ ಅವ್ವನ ಕರಡಿಗೆ. ಬೆಳ್ಳಿ ಇನ್ನೂ ಅವಳ ಮೈಬಿಸಿಯಲ್ಲೇ ಇತ್ತು. ದಾರಕ್ಕೆ ವಿಭೂತಿ, ಬೆವರು ಎರಡೂ ಸೇರಿದ ಒಂದು ವಾಸನೆ. ಒಳಗಿನಿಂದ ಆ ಮಷೀನಿನ ಟಕಟಕ ಸದ್ದು. ನನ್ನದು ಮೋಟರ್ ರಿವೈಂಡಿಂಗ್ ಅಂಗಡಿ. ಕರೆಂಟು ಹರಿದಾಗ ತಂತಿಯ ಸುರುಳಿ ಅದುರುವ ಸದ್ದು ನನಗೆ ಹೊಸದಲ್ಲ. ಎಂಆರ್‌ಐ ಒಳಗೆ ಬಡಿದುಕೊಳ್ಳುವುದೂ ಅಂಥ ಸುರುಳಿಗಳೇ. ಆದರೆ ಆ ಸದ್ದಿನ ನಡುವೆ ಅವ್ವ ಮಲಗಿದ್ದಾಳೆ ಅಂದಾಗ ಕೈ ಸಣ್ಣಗೆ ನಡುಗುತ್ತಿತ್ತು. ಜೇಬಿನಲ್ಲಿ ಫೋನು ಎರಡು ಸಲ ಹೊಡೆದುಕೊಂಡಿತು. ಬಲಗೈ ಖಾಲಿ ಇದ್ದರೂ ತೆಗೆಯಲಿಲ್ಲ. ನಲವತ್ತು ನಿಮಿಷ.

ಆ ನಲವತ್ತು ನಿಮಿಷ ನಾನು ಪ್ರಾರ್ಥನೆ ಮಾಡಿದೆ ಅಂದರೆ ಸುಳ್ಳಾಗುತ್ತದೆ. ಮಾಡಬೇಕು ಅನಿಸಿತು. ಆದರೆ ಹೇಗೆ ಅಂತ ಗೊತ್ತಾಗಲಿಲ್ಲ. "ಅವ್ವನಿಗೆ ಏನೂ ಆಗದಿರಲಿ" ಅನ್ನೋ ಅಷ್ಟು ಸಣ್ಣ ಮಾತೂ ಬಾಯಿಗೆ ಬರಲಿಲ್ಲ.

ಯಾಕೆ ಅಂತ ಆಮೇಲೆ ತುಂಬಾ ದಿನ ಯೋಚಿಸಿದೆ. ನನ್ನ ಲಿಂಗ ಇಪ್ಪತ್ತೆರಡು ವರ್ಷದಿಂದ ಟ್ರಂಕಿನಲ್ಲಿತ್ತು. ಎಂಟನೇ ವಯಸ್ಸಿಗೆ ದೀಕ್ಷೆ ಆಗಿತ್ತು. ಐಟಿಐ ಓದುವಾಗ ಹಾಸ್ಟೆಲಿನಲ್ಲಿ ನಾಚಿಕೆ ಅಂತ ಬಿಚ್ಚಿಟ್ಟವನು ಮತ್ತೆ ಕಟ್ಟಲಿಲ್ಲ. ಅದೇ ಹೊತ್ತಿಗೆ ಒಂದಿಷ್ಟು ಓದಿ ಬುದ್ಧಿ ಬೇರೆ ಬಂದಿತ್ತು. ಹರಕೆ ಹೊರೋದು, ದೇವರ ಮುಂದೆ ಪಟ್ಟಿ ಓದೋದು ಎಲ್ಲ ವ್ಯವಹಾರ, ಅದು ನನ್ನಂಥವನಿಗಲ್ಲ ಅನ್ನೋ ಜಂಬ. ಅಂಗಡಿಯಲ್ಲೂ ಹಾಗೇ. ಯಾರ ಹತ್ತಿರವೂ ಒಂದು ರೂಪಾಯಿ ಕೇಳಿದವನಲ್ಲ ಅಂತ ನಾಲ್ಕು ಜನರ ಮುಂದೆ ಹೇಳಿಕೊಳ್ಳುತ್ತಿದ್ದೆ. ಅದನ್ನೇ ದೊಡ್ಡ ಗುಣ ಅಂದುಕೊಂಡಿದ್ದೆ.

ಅವ್ವ ಇದಕ್ಕೆ ಪೂರ್ತಿ ಉಲ್ಟಾ. ಅವಳ ಪೂಜೆ ಅಂದರೆ ಅರ್ಧ ಮಂತ್ರ, ಅರ್ಧ ಜಗಳ. ಲಿಂಗವನ್ನು ಅಂಗೈ ಮೇಲೆ ಇಟ್ಟುಕೊಂಡು ಬಾಕಿದಾರನನ್ನು ಕೇಳುವ ಹಾಗೆ ಕೇಳುತ್ತಿದ್ದಳು. "ನೋಡಪಾ ಮಲ್ಲಯ್ಯ, ಹ್ವಾದ ವಾರನೂ ಹೇಳೇನಿ. ಮಳಿ ಇಲ್ಲ. ಎಮ್ಮಿ ಹಾಲು ಕಡಿಮಿ ಆಗೇತಿ. ಮೂಲಿಮನಿ ಮುದುಕಿ ಮೊಣಕಾಲು ಹಿಡಕೊಂಡಾವು. ಏನ್ ಮಾಡೂಂವ ಅದಿ?" ಮಲ್ಲಯ್ಯ ಅಂದರೆ ಶ್ರೀಶೈಲದ ಮಲ್ಲಿಕಾರ್ಜುನ. ಯುಗಾದಿ ಹತ್ತಿರ ಬಂತೆಂದರೆ ನಮ್ಮ ಕಡೆಯಿಂದ ಸಾವಿರಾರು ಜನ ಕಂಬಿ ಅನ್ನೋ ಪೂಜೆಯ ಕೋಲು ಹೊತ್ತು, ಬಿಸಿಲಲ್ಲಿ ನಡೆದು, ನಲ್ಲಮಲ ಕಾಡು ದಾಟಿ ಅಲ್ಲಿಗೆ ಹೋಗುತ್ತಾರಲ್ಲ, ಅವ್ವನೂ ಮದುವೆಗೆ ಮುಂಚೆ ಒಮ್ಮೆ ಹೋಗಿ ಬಂದವಳು. ಅಷ್ಟು ದೂರ ಕಾಲು ಬೊಕ್ಕೆ ಎದ್ದರೂ ನಡೆದು ಹೋಗಿದ್ದೀನಿ, ಕೇಳೋ ಹಕ್ಕು ನನಗಿದೆ ಅನ್ನೋದು ಅವಳ ಲೆಕ್ಕ.

ಸ್ಕ್ಯಾನ್ ಆದ ಮರುವಾರ ಟ್ರಂಕು ತೆಗೆದೆ. ಸುತ್ತಿಟ್ಟಿದ್ದ ಬಟ್ಟೆ ಲಿಂಗಕ್ಕೆ ಅಂಟಿಕೊಂಡಿತ್ತು. ಹಾಗೇ ಊರಿನ ಅಯ್ಯನವರ, ಅಂದರೆ ನಮ್ಮ ಜಂಗಮ ಗುರುಗಳ ಹತ್ತಿರ ತೆಗೆದುಕೊಂಡು ಹೋದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಬಟ್ಟೆಯನ್ನು ನೀರಲ್ಲಿ ನೆನೆಸಿ ಬಿಡಿಸಿದರು, ಬೆಳಕಿಗೆ ಹಿಡಿದು ಬಿರುಕು ಬಿಟ್ಟಿದೆಯಾ ನೋಡಿದರು. ಹೊಸ ಶಿವದಾರ ಕಟ್ಟಿದರು. "ನಾಷ್ಟಾ ಆಗೇತೇನು?" ಅಂದರು. ಅಷ್ಟೇ.

ಇನ್ನು ಮಾಡಿದ್ದು ಹೇಗೆ ಅಂತ ಹೇಳಿಬಿಡುತ್ತೇನೆ. ನನಗೆ ಶುರುವಿನಲ್ಲಿ ಬೇಕಾಗಿದ್ದೂ ಇದೇ, ಯಾರೂ ಹೇಳಲಿಲ್ಲ. ಬೆಳಿಗ್ಗೆ ಐದೂವರೆಗೆ ಸ್ನಾನ. ಹಣೆಗೆ ವಿಭೂತಿ. ಲಿಂಗಕ್ಕೆ ಒಂದು ಚಮಚ ನೀರು, ಒರೆಸಿ ವಿಭೂತಿ, ಇದ್ದರೆ ಒಂದು ಬಿಲ್ವಪತ್ರೆ. ಆಮೇಲೆ ಎಡಗೈಯನ್ನು ಎದೆಯ ಮಟ್ಟಕ್ಕಿಂತ ಸ್ವಲ್ಪ ಮೇಲೆ ಹಿಡಿದು ಲಿಂಗವನ್ನು ನೋಡುತ್ತಾ ಕೂರುವುದು. ಮನಸ್ಸಿನಲ್ಲಿ ಓಂ ನಮಃ ಶಿವಾಯ. ಕಣ್ಣು ಮುಚ್ಚೋದಲ್ಲ, ಬಿಟ್ಟುಕೊಂಡೇ ನೋಡೋದು. ಲಿಂಗದ ಕಪ್ಪು ಮೈಮೇಲೆ ದೀಪದ ಬೆಳಕು ಒಂದು ಚುಕ್ಕೆಯಾಗಿ ಮಿಂಚುತ್ತದೆ. ದೃಷ್ಟಿ ಅಲ್ಲಿ ನಿಲ್ಲಬೇಕು.

ಮೊದಲ ನಾಲ್ಕು ದಿನ ನನಗೆ ಆ ಚುಕ್ಕೆ ಕಾಣಲೇ ಇಲ್ಲ. ಉದ್ದಕ್ಕೆ ಒಂದು ಬಿಳಿ ಗೆರೆ ಕಾಣುತ್ತಿತ್ತು. ಐದನೇ ದಿನ ತಲೆ ಎತ್ತಿದಾಗ ಗೊತ್ತಾಯಿತು, ಅದು ಟ್ಯೂಬ್‌ಲೈಟು! ಕರೆಂಟಿನ ಕೆಲಸದವನಾಗಿ ಇಷ್ಟು ಗೊತ್ತಾಗಲು ನಾಲ್ಕು ದಿನ. ಲೈಟು ಆರಿಸಿ ಎಣ್ಣೆ ದೀಪವನ್ನು ಹಿಂದೆ, ಬಲ ಭುಜದ ಪಕ್ಕಕ್ಕೆ ಸ್ಟೂಲಿನ ಮೇಲೆ ಇಟ್ಟೆ. ಸಾಸಿವೆ ಕಾಳಿನಷ್ಟು ಬೆಳಕು ಬಂತು.

ತೋಳು ವಿಪರೀತ ನೋಯುತ್ತದೆ. ಮೂರನೇ ನಿಮಿಷಕ್ಕೆ ಭುಜ, ಐದಕ್ಕೆ ಮಣಿಕಟ್ಟು. ಮೊಣಕೈ ಕೆಳಗೆ ಟವೆಲ್ ಮಡಿಚಿ ಇಟ್ಟುಕೊಂಡೆ. ಹಾಗೆ ಮಾಡಬಾರದು ಅಂತ ನಮ್ಮ ಸೋದರಮಾವ ಹೇಳಿದರು. ಮಾಡುತ್ತಲೇ ಇದ್ದೇನೆ. ಹೊತ್ತು ಏಳು ನಿಮಿಷ. ಅರ್ಧ ಗಂಟೆ ಕೂರುತ್ತೇನೆ ಅಂತ ಶುರು ಮಾಡಿದ್ದರೆ ಹದಿನೈದು ದಿನಕ್ಕೆ ಬಿಟ್ಟುಬಿಡುತ್ತಿದ್ದೆ. ಮನಸ್ಸು ಓಡುತ್ತದೆ, ಅದರಲ್ಲಿ ಏನೂ ವಿಶೇಷ ಇಲ್ಲ. ಅಂಗಡಿಯಲ್ಲಿ ಕಾಯಿಲ್ ಸುತ್ತುವಾಗ ಎಣಿಕೆ ತಪ್ಪಿದರೆ ಬಿಚ್ಚಿ ಮೊದಲಿಂದ ಸುತ್ತುತ್ತೇವೆ, ಯಾರನ್ನೂ ಬೈಯುವುದಿಲ್ಲ. ಇಲ್ಲೂ ಅದೇ.

ಸೋದರಮಾವ ವಚನ ಸಾಹಿತ್ಯ ಚೆನ್ನಾಗಿ ಬಲ್ಲವರು. ಅವರು ಹೇಳಿದ್ದು ಹೀಗೆ: ಹನ್ನೆರಡನೇ ಶತಮಾನದಲ್ಲಿ ಬಸವಣ್ಣನವರು ಗುಡಿಯ ಹೊಸ್ತಿಲು ತುಳಿಯಲು ಬಿಡದವರ ಕೈಗೂ ದೇವರನ್ನು ಕೊಟ್ಟರು. ನಡುವೆ ಪೂಜಾರಿ ಬೇಡ, ಹೆಣ್ಣು ಗಂಡು ಭೇದ ಬೇಡ, ಜಾತಿ ಬೇಡ. ಅಂಗೈ ಮೇಲಿರುವುದು ನಿನ್ನದೇ ಅರಿವಿನ ಕುರುಹು, ಅದರ ಹತ್ತಿರ ಏನನ್ನ ಬೇಡ್ತೀ? ಬೇಡೋ ಮನಸ್ಸನ್ನೇ ಬಿಡಿಸೋದಕ್ಕೆ ಅದು ಇರೋದು. ಮಾತು ಸರಿಯೇ ಇರಬಹುದು. ಅಷ್ಟು ಮೇಲೆ ಹೋದವರಿಗೆ ಅದು ಸರಿ. ನನ್ನ ತೊಂದರೆ ಬೇರೆ. ನಾನು ಬೇಡೋದನ್ನು ಬಿಟ್ಟವನಲ್ಲ, ಕಲಿತೇ ಇರದವನು. ಕಲಿಯದೇ ಇದ್ದದ್ದನ್ನು ಬಿಡೋದು ಹೇಗೆ?

ಇದಕ್ಕೆ ದಾರಿ ಸಿಕ್ಕಿದ್ದು ಅಂಗಡಿಯಲ್ಲಿ. ನಮ್ಮಲ್ಲಿ ಹನ್ನೊಂದು ವರ್ಷದಿಂದ ಕೆಲಸ ಮಾಡುವ ಹುಡುಗ, ಈಗ ಹುಡುಗನಲ್ಲ, ಮಧ್ಯಾಹ್ನ ವೈಂಡಿಂಗ್ ಮಷೀನಿನ ಪಕ್ಕ ಚಾಪೆ ಹಾಸಿ ನಮಾಜು ಮಾಡುತ್ತಾನೆ. ನಾನು ಆ ಹೊತ್ತು ಗ್ರೈಂಡರ್ ಹಚ್ಚುವುದಿಲ್ಲ, ಅಷ್ಟೇ ನಮ್ಮ ಒಪ್ಪಂದ. ಒಂದು ದಿನ ಸುಮ್ನೆ ಕೇಳಿದೆ, ದಿನಾ ಅಷ್ಟು ಸಲ ಏನು ಕೇಳಿಕೊಳ್ತೀಯೋ ಅಂತ. ಅವನು ನಕ್ಕ. "ನಮಾಜಿನಾಗ ನಾ ಕೇಳೂದು ಏನಿರ್ತೈತಿ ಅಣ್ಣಾ, ಅದು ಮಾಡಬೇಕಾದ್ದು. ಕೇಳೂದು ಆಮ್ಯಾಲೆ, ದುವಾದಾಗ. ಅದು ಬ್ಯಾರೆ." ಎರಡೂ ಅಂಗೈ ಜೋಡಿಸಿ, ಮೇಲೆ ಬಿಚ್ಚಿ ತೋರಿಸಿದ. ಬೆರಳುಗಳಲ್ಲಿ ವಾರ್ನಿಷ್ ಕಲೆ. "ಅರಬ್ಬಿ ಬರಬೇಕಂತಿಲ್ಲ. ನಮ್ಮ ಮಾತಿನಾಗ ಕೇಳಬಹುದು. ಗ್ಯಾಸ್ ಸಿಲಿಂಡರ್ ಸೈತ ಕೇಳೇನಿ."

ಮಾಡಬೇಕಾದ್ದು ಬೇರೆ, ಕೇಳೋದು ಬೇರೆ. ನಾನು ಎರಡನ್ನೂ ಒಂದೇ ಗಂಟಿಗೆ ಕಟ್ಟಿ, ಕೇಳೋದು ಕೀಳು ಅಂತ ಇಡೀ ಗಂಟನ್ನೇ ಅಟ್ಟಕ್ಕೆ ಎಸೆದಿದ್ದೆ ಅನಿಸಿತು. ಮರುದಿನದಿಂದ ಏಳು ನಿಮಿಷ ಆದ ಮೇಲೆ ಲಿಂಗವನ್ನು ಕರಡಿಗೆಗೆ ಹಾಕುವ ಮುಂಚೆ ಒಂದು ನಿಮಿಷ ಜಾಸ್ತಿ ಇಟ್ಟೆ. ಆ ಒಂದು ನಿಮಿಷ ಬಾಯಿ ಬಿಟ್ಟು ಮಾತಾಡಲೇಬೇಕು, ಕನ್ನಡದಲ್ಲಿ, ಕೇಳಿಸುವ ಹಾಗೆ.

ಎಷ್ಟು ಕಷ್ಟ ಅಂತೀರಿ! ನಾಲ್ಕು ದಿನ "ಎಲ್ಲರಿಗೂ ಒಳ್ಳೇದಾಗಲಿ" ಅಂದೆ. ಅದು ತಪ್ಪಿಸಿಕೊಳ್ಳುವ ಮಾತು. ಐದನೇ ದಿನ ಬಾಯಿಂದ ಬಂದದ್ದು, "ನನಗೆ ನಲವತ್ತು ಸಾವಿರ ಬೇಕು." ಹೇಳಿ ನನಗೇ ನಾಚಿಕೆಯಾಯಿತು. ಆದರೆ ನಿಜ ಅದೇ ಆಗಿತ್ತು. ಆ ಬೇಸಿಗೆ ಬೋರ್‌ವೆಲ್ ಮೋಟರುಗಳು ಸಾಲಾಗಿ ಸುಟ್ಟು ಬರುತ್ತಿದ್ದವು, ತಾಮ್ರದ ತಂತಿ ತರಲು ದುಡ್ಡಿರಲಿಲ್ಲ, ಅವ್ವನ ಔಷಧಿಗೆ ಎಲ್ಲ ಹೋಗಿತ್ತು. ಎರಡು ತಿಂಗಳಿಂದ ಇದು ನನ್ನ ತಲೆಯಲ್ಲಿ ಸುತ್ತುತ್ತಿತ್ತು. ಹೆಂಡತಿಗೂ ಹೇಳಿರಲಿಲ್ಲ. ಅವತ್ತು ಹೇಳಿದ ಮೇಲೆ ಮಾತು ನನ್ನ ಕಿವಿಗೇ ಬಿತ್ತು. ಹಿಂದೆ ಅಡುಗೆಮನೆ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು, ಅವಳ ಕಿವಿಗೂ ಬಿದ್ದಿತ್ತು. "ಇದನ್ನ ನಿಮ್ಮ ತಮ್ಮಗ ಹೇಳ್ರಿ" ಅಂದಳು.

ತಮ್ಮನ ಜೊತೆ ಒಂದು ಪ್ಲಾಟಿನ ವಿಷಯಕ್ಕೆ ಮೂರು ವರ್ಷದಿಂದ ಮಾತಿರಲಿಲ್ಲ. ಫೋನ್ ಮಾಡಲು ಸಂಜೆವರೆಗೆ ಬೇಕಾಯಿತು. ಅವನು ಸ್ಕೂಟರಿನಲ್ಲಿ ಬಂದು ಇಪ್ಪತ್ತೈದು ಸಾವಿರ ಕೊಟ್ಟ. ಪ್ಲಾಟಿನ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅದು ಇವತ್ತಿಗೂ ಬಗೆಹರಿದಿಲ್ಲ. ಇದನ್ನು ಪವಾಡ ಅಂತ ಯಾರಾದರೂ ಅಂದರೆ ನಾನು ಒಪ್ಪಲ್ಲ. ದೇವರ ಮುಂದೆ ಒಮ್ಮೆ ಕೇಳಿ ರೂಢಿಯಾದ ನಾಲಿಗೆ ತಮ್ಮನ ಮುಂದೆಯೂ ಹೊರಳಿತು, ನನಗೆ ತಿಳಿದದ್ದು ಇಷ್ಟು.

ಕೇಳಿದ್ದೆಲ್ಲ ಸಿಗುವುದಿಲ್ಲ. ಹದಿನಾಲ್ಕು ತಿಂಗಳು ದಿನಾ ಅವ್ವನನ್ನು ಉಳಿಸು ಅಂತ ಕೇಳಿದೆ. ಒಂದು ದಿನವೂ ತಪ್ಪಿಸಲಿಲ್ಲ. ಸ್ಕ್ಯಾನಿನಲ್ಲಿ ಕಂಡದ್ದು ಬೆಳೆಯುತ್ತಲೇ ಹೋಯಿತು. ಕೊನೆ ಕೊನೆಗೆ ಅವಳಿಗೆ ಕೈ ಎತ್ತಲು ಆಗುತ್ತಿರಲಿಲ್ಲ. ನಾನು ಅವಳ ಎಡಗೈ ಕೆಳಗೆ ನನ್ನ ಕೈ ಕೊಟ್ಟು ಎತ್ತಿ ಹಿಡಿಯುತ್ತಿದ್ದೆ. ಅವಳ ಕೈ ಮೇಲೆ ಲಿಂಗ, ಅದರ ಕೆಳಗೆ ನನ್ನ ಕೈ. ಆಗಲೂ ಅವಳ ಪಟ್ಟಿ ನಿಂತಿರಲಿಲ್ಲ, ದನಿ ಮಾತ್ರ ಸಣ್ಣದಾಗಿತ್ತು. ತನಗಾಗಿ ಏನಾದರೂ ಕೇಳುತ್ತಾಳಾ ಅಂತ ಕಿವಿಗೊಟ್ಟು ಕೂರುತ್ತಿದ್ದೆ. ಒಂದೇ ಒಂದು ಸಲ ಕೇಳಿದಳು, ರಾತ್ರಿ ನಿದ್ದಿ ಕೊಡು ಅಂತ.

ನಮ್ಮಲ್ಲಿ ಸುಡುವುದಿಲ್ಲ, ಕೂರಿಸಿ ಮಣ್ಣು ಮಾಡುತ್ತೇವೆ. ಅಯ್ಯನವರು ಅವಳ ಎಡ ಅಂಗೈ ಮೇಲೆ ಲಿಂಗ ಇಟ್ಟು, ಬಿಲ್ವಪತ್ರೆ ಏರಿಸಿದರು. ಸುತ್ತ ವಿಭೂತಿ. ಅವಳೇ ಹೇಳಿದಂತೆ ಲಿಂಗ ಅವಳ ಸಂಗಾಟ ಹೋಯಿತು. ಖಾಲಿ ಕರಡಿಗೆ ನನ್ನ ಕೈಗೆ ಬಂತು.

ಆಮೇಲೆ ಮೂರು ವಾರ ನಾನು ಪೂಜೆಗೆ ಕೂರಲಿಲ್ಲ. ಸಿಟ್ಟು ಬಂದಿತ್ತು. ಹದಿನಾಲ್ಕು ತಿಂಗಳು ಕೇಳಿದ್ದಕ್ಕೆ ಇದಾ ಅಂತ. ಯಾರೂ ಏನೂ ಅನ್ನಲಿಲ್ಲ. ಹೆಂಡತಿ ಮಾತ್ರ ಐದೂವರೆಗೆ ದೀಪ ಹಚ್ಚಿ ಸ್ಟೂಲಿನ ಮೇಲೆ ಇಟ್ಟು ಹೋಗುತ್ತಿದ್ದಳು, ಎಣ್ಣೆ ತೀರಿ ಅದೇ ಆರುತ್ತಿತ್ತು. ಇಪ್ಪತ್ತೆರಡನೇ ದಿನ ಹೋಗಿ ಕೂತೆ. ಏಳು ನಿಮಿಷದಲ್ಲಿ ಐದು ನಿಮಿಷ ಜಗಳವೇ ಆಯಿತು, ಥೇಟ್ ಅವ್ವನ ಧಾಟಿಯಲ್ಲಿ. ಆಮೇಲೆ ಕೇಳುವ ಒಂದು ನಿಮಿಷ ಬಂತು. ನನಗೆ ಅಂತ ಕೇಳಲು ಏನೂ ಉಳಿದಿರಲಿಲ್ಲ. ಸುಮ್ಮನೆ ಎದ್ದುಬಿಡೋಣ ಅಂದುಕೊಂಡೆ.

ಅಷ್ಟರಲ್ಲಿ ನೆನಪಾಯಿತು, ಅವ್ವ ಹೋದಾಗಿಂದ ಆ ಮೂಲೆಮನೆ ಮುದುಕಿಯ ಮೊಣಕಾಲಿನ ವಿಷಯ ಮಲ್ಲಯ್ಯನ ಹತ್ತಿರ ಯಾರೂ ಎತ್ತಿಲ್ಲ. ಅದನ್ನು ಹೇಳಿದೆ. ಎಮ್ಮೆ ಮಾರಿ ಆರು ತಿಂಗಳಾಗಿತ್ತು, ಅದನ್ನು ಬಿಟ್ಟೆ. ಮಳೆ ಕೇಳಿದೆ.